ಹಾಡು ಮೊದಲು, ಬಿಡುಗಡೆ ಆಮೇಲೆ

ಕಷ್ಟದಲ್ಲಿರುವ ಹೆಂಗಸಿಗೆ ಕೇಳದೆಯೇ ಸಿಗುವ ವಸ್ತುವೆಂದರೆ ಉಪದೇಶ. ಗಂಡನ ಅಂಗಡಿ ಮುಚ್ಚಿರಲಿ, ಮಗ ಎರಡನೆಯ ಸಲವೂ ಫೇಲಾಗಿರಲಿ, ಚೀಟಿಯ ಹಣ ಮುಳುಗಿರಲಿ, 'ತಾಳಿದವರು ಬಾಳಿಯಾರು' ಎನ್ನುವವರು ಇದ್ದೇ ಇರುತ್ತಾರೆ. ಕ್ರೈಸ್ತರಾದ ನಾವು ಇನ್ನೊಂದು ಮಾತು ಸೇರಿಸುತ್ತೇವೆ: 'ದೇವರ ಮಕ್ಕಳು ಹೀಗೆ ಅಳಬಾರದಮ್ಮಾ, ಸಂತೋಷವಾಗಿರಬೇಕು.' ಆಕೆ ತಲೆಯಾಡಿಸುತ್ತಾಳೆ. ಅತ್ತಿದ್ದೂ ತಪ್ಪಾಯಿತೇನೋ ಎಂಬ ಹೊಸ ದುಃಖವೊಂದು ಹಳೆಯ ದುಃಖದ ಮೇಲೆ ಬಂದು ಕೂರುತ್ತದೆ.

ಹಾಗಾದರೆ ಕಷ್ಟದಲ್ಲಿ ಸಂತೋಷವೆಂಬುದು ಬರೀ ಬಾಯಿಮಾತೇ? ಸೋತವರ ಬಾಯಿ ಮುಚ್ಚಿಸುವ ಉಪಾಯವೇ?

ಈ ಮಾತಿಗೆ ಆಧಾರವಾಗಿ ಎಲ್ಲರೂ ತೋರಿಸುವುದು ಪೌಲನು ಫಿಲಿಪ್ಪಿಯ ಸಭೆಗೆ ಬರೆದ ಪತ್ರವನ್ನು. ನಾಲ್ಕೇ ಅಧ್ಯಾಯಗಳ ಆ ಪತ್ರದಲ್ಲಿ ಸಂತೋಷದ ಮಾತು ಹತ್ತಕ್ಕೂ ಹೆಚ್ಚು ಸಲ ಬರುತ್ತದೆ. ಅದನ್ನು ಬರೆದವನು ಯಾರು, ಆ ಊರಿನಲ್ಲಿ ಅವನಿಗೆ ಏನಾಗಿತ್ತು ಎಂಬುದನ್ನು ತಿಳಿದು ಓದಿದರೆ ಅದರ ಅರ್ಥವೇ ಬೇರೆಯಾಗುತ್ತದೆ.

ಫಿಲಿಪ್ಪಿ ಗ್ರೀಸಿನ ಉತ್ತರ ಭಾಗದಲ್ಲಿದ್ದ ರೋಮನ್ನರ ವಸಾಹತು. ಸುಮಾರು ಕ್ರಿ.ಶ. 50ರಲ್ಲಿ ಪೌಲ ಅಲ್ಲಿಗೆ ಬಂದಾಗ ಮೊದಲು ಅವನ ಮಾತು ಕೇಳಿದವರು ಊರಾಚೆ ನದಿಯ ದಡದಲ್ಲಿ ಪ್ರಾರ್ಥನೆಗೆ ಸೇರಿದ್ದ ಹೆಂಗಸರು. ಅವರಲ್ಲಿ ಬೆಲೆಬಾಳುವ ನೇರಳೆ ಬಣ್ಣದ ಬಟ್ಟೆ ಮಾರುತ್ತಿದ್ದ ಲುದ್ಯ ಎಂಬಾಕೆ ತನ್ನ ಮನೆಯನ್ನೇ ಬಿಟ್ಟುಕೊಟ್ಟಳು. ಅದೇ ಊರಿನಲ್ಲಿ ಕಣಿ ಹೇಳುವ ಒಬ್ಬ ದಾಸಿ ಹುಡುಗಿಯಿದ್ದಳು. ಅವಳ ಮೈಮೇಲೆ ಬರುತ್ತಿದ್ದುದೇ ಯಜಮಾನರಿಗೆ ಸಂಪಾದನೆ. ಪೌಲ ಅವಳನ್ನು ಅದರಿಂದ ಬಿಡಿಸಿದ, ಸಂಪಾದನೆ ನಿಂತಿತು. ಸಿಟ್ಟಿಗೆದ್ದ ಯಜಮಾನರು ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಅಧಿಕಾರಿಗಳ ಮುಂದೆ ಎಳೆದೊಯ್ದರು. ವಿಚಾರಣೆಯಿಲ್ಲದೆ ಛಡಿಯೇಟು, ಒಳಗಿನ ಸೆರೆಕೋಣೆ, ಕಾಲಿಗೆ ಕೋಳ.

ಮಧ್ಯರಾತ್ರಿಯಲ್ಲಿ ಇಬ್ಬರೂ ಪ್ರಾರ್ಥಿಸುತ್ತಾ ಹಾಡುತ್ತಿದ್ದರು. ಉಳಿದ ಕೈದಿಗಳು ಕೇಳುತ್ತಿದ್ದರು. ಆಗ ಭೂಮಿ ನಡುಗಿ ಬಾಗಿಲುಗಳು ತೆರೆದವು. ಪ್ರಸಂಗಗಳಲ್ಲಿ ನಾವು ಭೂಕಂಪವನ್ನೇ ಹೆಚ್ಚು ವರ್ಣಿಸುತ್ತೇವೆ. ಆದರೆ ಹಾಡು ಮೊದಲು ಬಂತು. ಸೆರೆಮನೆಯ ಯಜಮಾನ ಅವರ ಗಾಯ ತೊಳೆದದ್ದು ಭೂಕಂಪವಾದ ಮೇಲೆ. ಹಾಡುವಾಗ ಬೆನ್ನು ಉರಿಯುತ್ತಲೇ ಇದ್ದಿರಬೇಕು. ನೋವು ಇತ್ತು, ಆದರೆ ಯಜಮಾನಿಕೆ ಅದರ ಕೈಯಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ನಡೆದದ್ದನ್ನು ಮಾತ್ರ ಹೆಣ್ಣುಮಕ್ಕಳಿಗೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಅಧಿಕಾರಿಗಳು ಇವರನ್ನು ಬಿಟ್ಟುಬಿಡಿರೆಂದು ಹೇಳಿಕಳಿಸಿದರು. ಪೌಲ ಒಪ್ಪಲಿಲ್ಲ. ತಾವು ರೋಮಿನ ಹಕ್ಕುಳ್ಳ ಪ್ರಜೆಗಳು; ಎಲ್ಲರೆದುರು ಹೊಡೆಸಿ ಈಗ ಗುಟ್ಟಾಗಿ ಕಳಿಸುವುದೆಂದರೇನು, ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದ. ಅವರು ಹೆದರಿ ಬಂದು ಬೇಡಿಕೊಂಡರು. ರಾತ್ರಿ ಹಾಡಿದ ಬಾಯಿಯೇ ಬೆಳಿಗ್ಗೆ ನ್ಯಾಯ ಕೇಳಿತು. ಕುಡಿದು ಬಂದು ಹೊಡೆಯುವ ಗಂಡನನ್ನು ಸಂತೋಷದಿಂದ ಸಹಿಸಿಕೋ ಎಂದು ಹೆಂಡತಿಗೆ ಬುದ್ಧಿ ಹೇಳುವವರು ಈ ಬೆಳಗಿನ ಕಥೆಯನ್ನು ಓದಬೇಕು. ವಿಶ್ವಾಸದ ಸಂತೋಷ ಅನ್ಯಾಯಕ್ಕೆ ಹೊದಿಸುವ ಶಾಲಲ್ಲ.

ವರ್ಷಗಳ ನಂತರ ಅದೇ ಊರಿನವರಿಗೆ ಪತ್ರ ಬರೆಯುವಾಗ ಪೌಲ ಮತ್ತೆ ಬೇಡಿಯಲ್ಲಿದ್ದ. ಈ ಸಲ ಭೂಮಿ ನಡುಗಿದ ಸುದ್ದಿಯಿಲ್ಲ. ಮುಂದಿರುವುದು ಬಿಡುಗಡೆಯೋ ಮರಣವೋ ತಿಳಿಯದು. ಹೊರಗೆ ಕೆಲವರು ಅವನ ಮೇಲಿನ ಹೊಟ್ಟೆಕಿಚ್ಚಿನಿಂದಲೇ ಪ್ರಚಾರಕ್ಕಿಳಿದಿದ್ದರು. ಅವನೊಡನೆ ದುಡಿದಿದ್ದ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರ ನಡುವೆ ಮನಸ್ತಾಪ. ನೆರವಿಗೆ ಬಂದಿದ್ದ ಎಪಫ್ರೊದೀತನು ಕಾಯಿಲೆ ಬಿದ್ದು ಸಾವಿನ ಹತ್ತಿರ ಹೋಗಿ ಬಂದಿದ್ದ. ಅವನು ಉಳಿಯದಿದ್ದರೆ ತನ್ನ ದುಃಖ ಇನ್ನಷ್ಟು ಹೆಚ್ಚುತ್ತಿತ್ತೆಂದು ಪೌಲ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಸಂತೋಷದ ಪತ್ರದಲ್ಲೇ ಅಳುವಿಗೂ ಜಾಗವಿದೆ.

ಹಾಗಾದರೆ ಆ ಸಂತೋಷದ ಬೇರು ಎಲ್ಲಿದೆ? ಕ್ರೈಸ್ತ ನಂಬಿಕೆಯ ನಡುವೆ ನಿಂತಿರುವುದು ಶಿಲುಬೆ. ಲೋಕದ ಲೆಕ್ಕದಲ್ಲಿ ಅದು ಪೂರ್ತಿ ಸೋಲು. ಶಿಷ್ಯರು ಓಡಿಹೋದರು, ನೋಡುವವರು ನಕ್ಕರು. ಆ ಸೋಲನ್ನೇ ಕೊನೆಯ ಮಾತಾಗಲು ದೇವರು ಬಿಡಲಿಲ್ಲ ಎಂಬುದೇ ಈಸ್ಟರಿನ ಸುವಾರ್ತೆ. ಇದನ್ನು ನಂಬಿದವಳಿಗೂ ಮುಚ್ಚಿದ ಅಂಗಡಿ ಮುಚ್ಚಿದ ಅಂಗಡಿಯೇ, ಸಾಲ ಸಾಲವೇ. ಆದರೆ ತನ್ನ ಬೆಲೆಯನ್ನು ತೂಗುವ ತಕ್ಕಡಿ ಅವುಗಳ ಕೈಯಲ್ಲಿಲ್ಲ ಎಂಬ ಧೈರ್ಯ ಅವಳಿಗೆ ಬರುತ್ತದೆ. ಅದು ಒಂದೇ ದಿನಕ್ಕೆ ಬರುವುದಿಲ್ಲ. ಇದ್ದುದರಲ್ಲಿ ತೃಪ್ತನಾಗಿರುವುದನ್ನು ಪೌಲನೂ ಕಲಿತವನೇ; ಹಾಗೆಂದು ಅವನೇ ಬರೆಯುತ್ತಾನೆ. ಕಲಿಯಬೇಕಾದ ವಿದ್ಯೆಯೆಂದ ಮೇಲೆ ನಡುನಡುವೆ ಎಡವಿದರೆ ನಾಚಿಕೆಯೇನು? ರೊಟ್ಟಿ ತಟ್ಟುವುದನ್ನು ಕಲಿಯುವಾಗ ಎಷ್ಟು ರೊಟ್ಟಿ ಹರಿದಿಲ್ಲ!

ಇಷ್ಟಕ್ಕೂ ಆ ಪತ್ರ ಉಪಕಾರ ನೆನೆದು ಬರೆದದ್ದು ಕೂಡ. ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ನೆರವು ಕಳಿಸಿದ್ದರು. ಸಂತೋಷಪಡಿರೆಂದು ಹೇಳಿದವನು ಒಳಗಿದ್ದವನು; ಹೊರಗಿದ್ದವರು ಕಳಿಸಿದ್ದು ಸಹಾಯ. ನಮಗೂ ಇದೇ ಸರಿಯಾದ ಕ್ರಮವೆಂದು ನನಗನ್ನಿಸುತ್ತದೆ. ಸಂತೋಷದ ಮಾತನ್ನು ಕಷ್ಟ ಉಣ್ಣುತ್ತಿರುವವಳಿಗೇ ಬಿಡೋಣ. ಅವಳ ಮಕ್ಕಳ ಫೀಸಿಗೆ ಕೈಲಾದದ್ದನ್ನು ಕೊಡೋಣ, ಆಸ್ಪತ್ರೆಗೆ ಜೊತೆಯಲ್ಲಿ ಹೋಗೋಣ, ನ್ಯಾಯ ಕೇಳಬೇಕಾದ ಕಡೆ ಅವಳ ಪಕ್ಕ ನಿಲ್ಲೋಣ. ಅವಳ ಬಾಯಿಂದ ಹಾಡು ಬಂದ ದಿನ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿರೋಣ.