ಸ್ವಾತಂತ್ರ್ಯದ ‘ಸ್ವ’ ಯಾರು?

ಸೆಪ್ಟೆಂಬರ್ 17ಕ್ಕೆ ಒಂದೇ ಹೆಸರು ನಿಲ್ಲುತ್ತಿಲ್ಲ. ಕಲಬುರಗಿಯಲ್ಲಿ ಅದು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿತ್ತು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಇಲ್ಲಿ ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸಿನಲ್ಲಿ 2022ರಲ್ಲಿ ತೆಲಂಗಾಣ ಸರ್ಕಾರ ಬಾವುಟ ಹಾರಿಸಿ ರಾಷ್ಟ್ರೀಯ ಸಮೈಕ್ಯತಾ ದಿನ ಎಂದಿತು. ಅದೇ ದಿನ ಸಿಕಂದರಾಬಾದಿನ ಪರೇಡ್ ಮೈದಾನದಲ್ಲಿ ಕೇಂದ್ರ ಸರ್ಕಾರ ವಿಮೋಚನಾ ದಿನ ಆಚರಿಸಿತು. ರಾಜ್ಯದಲ್ಲಿ ಸರ್ಕಾರ ಬದಲಾಗಿ 2024ಕ್ಕೆ ಅದು ಪ್ರಜಾಪಾಲನಾ ದಿನವಾಯಿತು. ರಾಜಕಾರಣಿಗಳ ಜಗಳ ಅಂತ ಬಿಟ್ಟುಬಿಡಬಹುದು. ಆದರೆ ಅದರಡಿ ಒಂದು ಪ್ರಶ್ನೆ ಹಾಗೇ ಉಳಿದಿದೆ: ಅಂದು ಕೊನೆಯಾದದ್ದು ಯಾರ ಸ್ವಾತಂತ್ರ್ಯ?

1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರವರೆಗೆ, 13 ತಿಂಗಳು, ಹೈದರಾಬಾದ್ ಭಾರತಕ್ಕೂ ಪಾಕಿಸ್ತಾನಕ್ಕೂ ಸೇರದ ರಾಜ್ಯವಾಗಿತ್ತು. ಸುಮಾರು 1.6 ಕೋಟಿ ಜನ. ರಾಯಚೂರು, ಗುಲ್ಬರ್ಗಾ, ಬೀದರಿನ ಕನ್ನಡಿಗರೂ ಅದರಲ್ಲಿದ್ದರು. ಸ್ವಂತ ನಾಣ್ಯ, ಅಂಚೆ, ರೈಲು, ವಿಮಾನ ಕಂಪನಿ, ಸೈನ್ಯ ಎಲ್ಲವೂ ಇದ್ದವು. ದೇಶವೊಂದಕ್ಕೆ ಏನೇನು ಬೇಕೆಂದು ಪಟ್ಟಿ ಮಾಡಿ ಕೂತರೆ ಬಹುತೇಕ ಎಲ್ಲದಕ್ಕೂ ಟಿಕ್ ಹಾಕಬಹುದು. ಕಾನೂನೂ ನಿಜಾಮನ ಕಡೆಗೇ ಇತ್ತು ಎನ್ನಲು ಆಧಾರವಿದೆ: ಬ್ರಿಟಿಷರು ಹೊರಟಾಗ ಸಂಸ್ಥಾನಗಳ ಮೇಲಿನ ಅವರ ಪರಮಾಧಿಕಾರ ಭಾರತಕ್ಕೆ ಬರಲಿಲ್ಲ, ರದ್ದಾಯಿತು.

ಇದನ್ನು ಓದುವಾಗೆಲ್ಲ ನನಗೆ ಕೊರಿಯಾ ನೆನಪಾಗುತ್ತದೆ. ಅಲ್ಲಿನ ದೊರೆ ಗೋಜೊಂಗ್ 1897ರಲ್ಲಿ ತನ್ನನ್ನು ಸಾಮ್ರಾಟನೆಂದು ಘೋಷಿಸಿಕೊಂಡ. ಅಲ್ಲಿಯವರೆಗೆ ಚೀನಾದ ಚಕ್ರವರ್ತಿಗೆ ತಲೆಬಾಗುತ್ತಿದ್ದ ಮನೆತನವದು. 1895ರಲ್ಲಿ ಚೀನಾ ಜಪಾನಿಗೆ ಸೋತದ್ದರಿಂದ ಹೊಸ ಪದವಿಗೆ ಜಾಗವಾಯಿತು. ಆ ಘೋಷಣೆಗೆ ಮುಂಚೆ ಅವನು ಸುಮಾರು ಒಂದು ವರ್ಷ ರಷ್ಯಾದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದಿದ್ದ. ಅವನ ಸಾಮ್ರಾಜ್ಯ 13 ವರ್ಷ ಬಾಳಿತು. 1910ರಲ್ಲಿ ಜಪಾನ್ ಅದನ್ನು ನುಂಗಿತು.

ಉಸ್ಮಾನ್ ಅಲಿ ಖಾನನ ಸಾರ್ವಭೌಮತ್ವವೂ ಇಂಥದೇ. ಬೇರಾರ್ ಪ್ರಾಂತ್ಯ ವಾಪಸು ಬೇಕೆಂದು ಸರಿಸಮನಂತೆ ಮಾತಾಡಿದ್ದಕ್ಕೆ 1926ರಲ್ಲಿ ವೈಸರಾಯ್ ರೀಡಿಂಗ್ ಕಟುವಾದ ಪತ್ರ ಬರೆದ: ಬ್ರಿಟಿಷ್ ಸರ್ಕಾರದೊಡನೆ ಸರಿಸಮ ನೆಲೆಯಲ್ಲಿ ಮಾತಾಡುವ ಹಕ್ಕು ಯಾವ ಅರಸನಿಗೂ ಇಲ್ಲ. ನಿಜಾಮ ನುಂಗಿಕೊಂಡ. 21 ವರ್ಷದ ನಂತರ ಅವನಿಗೆ ಸಿಕ್ಕ ಸ್ವಾತಂತ್ರ್ಯ ಯಜಮಾನ ಎದ್ದುಹೋದ ಮೇಲೆ ಖಾಲಿ ಉಳಿದ ಕುರ್ಚಿ.

ಇಬ್ಬರೂ ಕೊನೆಗೆ ಜಗತ್ತಿನ ಬಾಗಿಲು ತಟ್ಟಿದರು. 1907ರಲ್ಲಿ ಗೋಜೊಂಗ್ ಹೇಗ್‌ನ ಶಾಂತಿ ಸಮ್ಮೇಳನಕ್ಕೆ ಗುಟ್ಟಾಗಿ ಮೂವರನ್ನು ಕಳಿಸಿದ. ಅವರನ್ನು ಸಭೆಯೊಳಗೆ ಬಿಡಲಿಲ್ಲ, ಅದೇ ನೆಪದಲ್ಲಿ ಜಪಾನ್ ಅವನನ್ನು ಪಟ್ಟದಿಂದ ಇಳಿಸಿತು. ಹೈದರಾಬಾದ್ 1948ರ ಆಗಸ್ಟ್ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಮಂಡಳಿ ಪ್ಯಾರಿಸ್ಸಿನಲ್ಲಿ ಅದನ್ನು ಕೈಗೆತ್ತಿಕೊಂಡಾಗ ಸೆಪ್ಟೆಂಬರ್ 16. ಭಾರತದ ಸೈನ್ಯ ಒಳಬಂದು ಮೂರು ದಿನವಾಗಿತ್ತು.

ಹೋಲಿಕೆಯನ್ನು ಇದಕ್ಕಿಂತ ಎಳೆಯಬಾರದು. ಕೊರಿಯಾವನ್ನು ಪರದೇಶವೊಂದು ವಸಾಹತು ಮಾಡಿಕೊಂಡಿತು; ಹೈದರಾಬಾದಿನ ಬಹುಪಾಲು ಜನಕ್ಕೆ ಭಾರತ ಪರದೇಶವಾಗಿರಲಿಲ್ಲ. ಆದರೂ ಒಂದು ವಿಷಯ ಗಮನಿಸಬೇಕು. 1919ರಲ್ಲಿ ಗೋಜೊಂಗನ ಅಂತ್ಯಕ್ರಿಯೆಯ ಹೊತ್ತಿಗೆ ಕೊರಿಯಾದ ಜನ ಬೀದಿಗಿಳಿದರು. ಆಮೇಲೆ ಶಾಂಘೈನಲ್ಲಿ ಅವರ ನಾಯಕರು ಕಟ್ಟಿದ ತಾತ್ಕಾಲಿಕ ಸರ್ಕಾರ ಗಣರಾಜ್ಯದ್ದು. ರಾಜನಿಗಾಗಿ ಅತ್ತವರೂ ಸಿಂಹಾಸನ ವಾಪಸು ಕೇಳಲಿಲ್ಲ.

ನಿಜಾಮ ತನ್ನ ಜನರನ್ನು ಕೇಳಲೇ ಇಲ್ಲ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಹೊರಟಾಗ ಕಣ್ಣು ಬಿಡುವ ಮುಂಚೆಯೇ ಅದರ ಮೇಲೆ ನಿಷೇಧ ಬಿತ್ತು. ಅದರ ಮುಂದಾಳು, ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರು, ಮತ್ತೆ ಮತ್ತೆ ಜೈಲಿಗೆ ಹೋದರು. ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿತು. ಎಂಟೆಕ್‌ವರೆಗೂ ಒಂದು ಪಾಠ ಕನ್ನಡದಲ್ಲಿ ಕೇಳದ ನನಗೆ ಅದರ ಮೇಲೆ ಹೊಟ್ಟೆಕಿಚ್ಚಿದೆ. ಆದರೆ ಬೀದರಿನ ರೈತನಿಗೆ ಕೋರ್ಟಿನ ಕಾಗದ ಓದಲು ಅದರಿಂದ ಏನೂ ಉಪಯೋಗವಾಗಲಿಲ್ಲ. ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಭಾರತಕ್ಕೆ ಸೇರುವುದೇ ಸರಿ ಎಂದು ಉರ್ದುವಿನಲ್ಲೇ ಬರೆದರು. ಭದ್ರತಾ ಮಂಡಳಿಗೆ ದೂರು ಹೋದ ಬೆನ್ನಿಗೇ ಅವರನ್ನು ಈ ಊರಿನಲ್ಲಿ ಕೊಂದರು. ಹೊರಗಿನವರ ಮುಂದೆ ಹಕ್ಕಿನ ಮಾತಾಡಿದ ರಾಜ್ಯದಲ್ಲಿ ಒಳಗಿನವನೊಬ್ಬ ಅಭಿಪ್ರಾಯ ಹೇಳಿ ಬದುಕಲಾಗಲಿಲ್ಲ. ‘ಸ್ವ’ ಎಂದರೆ ಒಬ್ಬನೇ ಆಗಿದ್ದ ಸ್ವಾತಂತ್ರ್ಯ ಅದು. ಅದು ಹೋದದ್ದಕ್ಕೆ ನನಗೆ ದುಃಖವಿಲ್ಲ.

ಇಲ್ಲಿಗೇ ಮುಗಿಸಿದರೆ ಅರ್ಧ ಲೆಕ್ಕ. ಆ ಐದು ದಿನಗಳಲ್ಲಿ ಮತ್ತು ಆಮೇಲೆ ಆದದ್ದನ್ನು ನೋಡಿಬರಲು ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ಕಳಿಸಿತು. 27,000ದಿಂದ 40,000 ಜನ ಸತ್ತಿರಬಹುದು ಎಂದು ಅವರು ಅಂದಾಜು ಮಾಡಿದರು. ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವೇ: ಗುಲ್ಬರ್ಗಾ, ಬೀದರ್. ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ರಜಾಕಾರರು ಮಾಡಿದ್ದಕ್ಕೆ ಪ್ರತೀಕಾರ ಎನ್ನುತ್ತಾರೆ. ಸತ್ತವರೆಲ್ಲ ರಜಾಕಾರರೇ? ಸ್ವತಂತ್ರವಾಗಿ ಉಳಿಯೋಣವೇ ಎಂದು ನಿಜಾಮ ಹಿಂದೂ ರೈತನನ್ನು ಹೇಗೆ ಕೇಳಲಿಲ್ಲವೋ ಹಾಗೆಯೇ ಬೀದರಿನ ಮುಸ್ಲಿಂ ನೇಕಾರನನ್ನೂ ಕೇಳಿರಲಿಲ್ಲ. ಕೇಳದೆ ತೆಗೆದುಕೊಂಡ ತೀರ್ಮಾನದ ಬೆಲೆಯನ್ನು ಅವನಿಂದ ವಸೂಲಿ ಮಾಡಿದರು.

ನಿಜಾಮನಿಗೆ ಏನೂ ಆಗಲಿಲ್ಲ. 1950ರಿಂದ 1956ರವರೆಗೆ ಅವನು ಹೈದರಾಬಾದಿನ ರಾಜಪ್ರಮುಖ, 1967ರಲ್ಲಿ ತೀರಿಕೊಂಡ.

ರಜಾಕಾರರು ಕೊಂದವರ ನೆನಪಿಗೆ ಬಸವಕಲ್ಯಾಣದ ಹತ್ತಿರ ಗೋರ್ಟಾದಲ್ಲಿ 2023ರಲ್ಲಿ ಸ್ಮಾರಕ ಅನಾವರಣವಾಯಿತು. ಆಗಲೇಬೇಕಿತ್ತು. ಆ ಸೆಪ್ಟೆಂಬರಿನಲ್ಲಿ ಸತ್ತವರ ಊರುಗಳಲ್ಲಿ ಅಂಥ ಕಲ್ಲೊಂದನ್ನು ನಾನು ಇನ್ನೂ ನೋಡಿಲ್ಲ.