ಭಾರೀ ಹಗುರವಾದ ಮಾತು

ಶೋಳಿಂಗನಲ್ಲೂರಿನ ಸಿಗ್ನಲ್ಲಿನಲ್ಲಿ ಪೂರ್ವಕ್ಕೆ ತಿರುಗಿದರೆ ಅಕ್ಕರೈ, ಅದರಾಚೆ ಸಮುದ್ರ. ಪಶ್ಚಿಮಕ್ಕೆ ತಿರುಗಿದರೆ ಮೇಡವಾಕ್ಕಂ. ಯಾವ ಕಡೆಗೂ ತಿರುಗಲಾಗದೆ ನಮ್ಮ ಆಫೀಸಿನ ಕ್ಯಾಬು ಒಂದು ಸಂಜೆ ಅಲ್ಲಿ ನಲವತ್ತು ನಿಮಿಷ ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ಮೈಸೂರಿನ ಹುಡುಗಿ ಮನೆಗೆ ಫೋನ್ ಹಚ್ಚಿ, "ಅಮ್ಮಾ, ಸೆಖೆಗೆ ಲಿಟರಲಿ ಸತ್ತೇ ಹೋದೆ ಕಣಮ್ಮ" ಅಂದಳು. ಕ್ಯಾಬಿನ ಎ.ಸಿ. ಚೆನ್ನಾಗಿಯೇ ಇತ್ತು. ಕೈಯಲ್ಲಿ ಮುರುಕ್ಕಿನ ಪೊಟ್ಟಣ ಬೇರೆ. ಆ ಕಡೆಯಿಂದ ಊಟದ ವಿಚಾರ ಬಂದಿರಬೇಕು, "ಇನ್ನೂ ಇಲ್ಲ, ಹೋಗಿ ಮಾಡ್ಬೇಕು" ಅಂದಳು. ಮಗಳು ಸತ್ತ ಸುದ್ದಿ ಕೇಳಿ ಊಟ ಆಯ್ತಾ ಅಂತ ಕೇಳುವ ತಾಯಿಯನ್ನು ಕಠಿಣ ಮನಸ್ಸಿನವಳು ಅನ್ನಲಾಗದು. ಆಕೆಗೆ ಮಗಳ ಭಾಷೆ ಗೊತ್ತು, ಅಷ್ಟೆ.

ಉತ್ಪ್ರೇಕ್ಷೆಯ ಬಗ್ಗೆ ನನಗೆ ತಕರಾರಿಲ್ಲ. ನಾವಿರುವ ಜಾಗದಿಂದ ಸುಮಾರು 70 ಕಿಲೋಮೀಟರ್ ದೂರದ ಕಂಚಿಯಲ್ಲಿ ಕೂತು ದಂಡಿ ಅಲಂಕಾರಗಳನ್ನು ಲೆಕ್ಕ ಹಾಕಿದಾಗ ಅತಿಶಯೋಕ್ತಿಯನ್ನು ಅಲಂಕಾರಗಳಲ್ಲೇ ಉತ್ತಮವಾದದ್ದು ಎಂದ. ಅವನ 'ಕಾವ್ಯಾದರ್ಶ'ವನ್ನು ಬಹಳಷ್ಟು ಅನುಸರಿಸಿಯೇ 9ನೇ ಶತಮಾನದಲ್ಲಿ ನಮ್ಮ 'ಕವಿರಾಜಮಾರ್ಗ' ಬಂತು. ಅಂದರೆ ಕನ್ನಡಿಗರು ಉತ್ಪ್ರೇಕ್ಷೆಯ ವ್ಯಾಕರಣವನ್ನು ತಮಿಳುನಾಡಿನಿಂದ ತರಿಸಿಕೊಂಡು ಸಾವಿರ ವರ್ಷದ ಮೇಲಾಯಿತು. ಅದನ್ನು ಈಗ ಕ್ಯಾಬಿನಲ್ಲಿ ವಾಪಸ್ ತಂದಿದ್ದೇವೆ ಅನ್ನಬಹುದು.

ಆದರೆ ಅತಿಶಯೋಕ್ತಿಯಲ್ಲಿ ಹೇಳುವವನಿಗೂ ಕೇಳುವವನಿಗೂ ನಡುವೆ ಒಂದು ಒಪ್ಪಂದವಿದೆ. ಹೆಂಡತಿ ಮುಖವನ್ನು ಚಂದ್ರ ಅಂದವನು ಚಂದ್ರನಲ್ಲಿರುವ ಕುಳಿಗಳಿಗೆ ಜವಾಬ್ದಾರನಲ್ಲ. 'ಅಕ್ಷರಶಃ' ಎಂಬ ಪದ ಇರುವುದು ಆ ಒಪ್ಪಂದವನ್ನು ಸ್ವಲ್ಪ ಹೊತ್ತು ರದ್ದು ಮಾಡುವುದಕ್ಕೆ. "ಈಗ ಹೇಳುತ್ತಿರುವುದು ಅಲಂಕಾರವಲ್ಲ, ಒಂದೊಂದು ಅಕ್ಷರವೂ ನಿಜ" ಎನ್ನುವುದಕ್ಕೆ. ಆ ಪದವನ್ನೇ ಅಲಂಕಾರಕ್ಕೆ ಬಳಸಿಕೊಂಡರೆ, ಬೆಂಕಿ ಬಿದ್ದಾಗ ಬಾರಿಸಬೇಕಾದ ಗಂಟೆಯನ್ನು ದಿನಾ ತಿಂಡಿಗೆ ಬಾರಿಸಿದ ಹಾಗೆ.

ಇದು ಇವತ್ತಿನ ಹುಡುಗರ ಕೆಟ್ಟ ಚಾಳಿ ಎಂದು ಬೈದು ಮುಗಿಸಲೂ ಬರುವುದಿಲ್ಲ. ಇಂಗ್ಲಿಷಿನ 'ಲಿಟರಲಿ' ಹೀಗೆ ಬಳಕೆಯಾಗುವುದನ್ನು ಮೆರಿಯಂ-ವೆಬ್‌ಸ್ಟರ್ ನಿಘಂಟು 1909ರಲ್ಲೇ ದಾಖಲಿಸಿತ್ತು. ಆಕ್ಸ್‌ಫರ್ಡ್‌ನವರು 2011ರಲ್ಲಿ ಸೇರಿಸಿದರು. 'ವೆರಿ' ಎಂಬ ಪದವೂ ಮೂಲದಲ್ಲಿ 'ನಿಜವಾದ' ಅಂತಲೇ. ಸವೆದು ಸವೆದು ಬರೀ ಒತ್ತು ಕೊಡುವ ಪದವಾಗಿ ಉಳಿದಿದೆ. ನಮ್ಮದನ್ನೇ ನೋಡಿ. 'ತುಂಬಾ' ಅಂದರೆ ಅಂಚಿನವರೆಗೆ ತುಂಬಿದ್ದು. ತಮಿಳರ 'ರೊಂಬ' ಕೂಡ 'ನಿರಂಬ', ಅಂದರೆ ತುಂಬುವುದರಿಂದಲೇ ಬಂದದ್ದು. ಎರಡು ಭಾಷೆಯವರೂ ಕೊಡವನ್ನು ಒಟ್ಟಿಗೇ ತುಂಬಿಸಿ, ಒಟ್ಟಿಗೇ ಮರೆತಿದ್ದೇವೆ. ಅದಕ್ಕೇ "ಬಸ್ಸು ತುಂಬಾ ಖಾಲಿ ಇತ್ತು" ಅನ್ನುವಾಗ ಯಾರಿಗೂ ನಗು ಬರುವುದಿಲ್ಲ. ಸೂಟ್‌ಕೇಸು ಭಾರೀ ಹಗುರ, ಮಗು ಭಯಂಕರ ಮುದ್ದು. ಸವೆಯುವುದು ಪದಗಳ ಹಣೆಬರಹ. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ನನಗೆ ಸಮಾಧಾನವಿಲ್ಲ. ಅದಕ್ಕೆ ಕಾರಣ ಒಂದು ಫೋನು.

2015ರ ನವೆಂಬರಿನಲ್ಲಿ ಇಲ್ಲಿ ಮಳೆ ಶುರುವಾದಾಗ ನಾನು ತಗ್ಗಿನ ಒಂದು ಬೀದಿಯಲ್ಲಿ, ನೆಲಮಹಡಿಯ ಮನೆಯಲ್ಲಿದ್ದೆ. ಬೈಕಿನ ಅರ್ಧ ಚಕ್ರದಷ್ಟು ನೀರು ನಿಂತಿತ್ತು. ತಿಪಟೂರಿಗೆ ಫೋನ್ ಮಾಡಿ, "ಅಮ್ಮ, ಮನೆ ಅಕ್ಷರಶಃ ಮುಳುಗಿಹೋಗಿದೆ" ಅಂದೆ. ಊರಿಂದ ದೂರ ಇರುವವನಿಗೆ ಇದೊಂದು ಸುಖ, ಅಯ್ಯೋ ಅನ್ನಿಸಿಕೊಳ್ಳುವುದು. ಅಪ್ಪ ಆಗಲೇ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟಿದ್ದರು. ಆಮೇಲೆ ಗೊತ್ತಾಗಿ, "ಸುಮ್ನೆ ಹಾಗಂದೆ, ನೀವು ಏನೇನೋ ಮಾಡ್ಕೋಬೇಡಿ" ಎಂದು ನಾನೇ ಬೈದೆ.

ಡಿಸೆಂಬರ್ 1ರ ರಾತ್ರಿ ನಿಜವಾಗಿಯೂ ನೀರು ಬಂತು. ಆ 24 ಗಂಟೆಗಳಲ್ಲಿ ತಾಂಬರಂನಲ್ಲಿ 49 ಸೆಂಟಿಮೀಟರ್ ಮಳೆ. ನೌಕರರು ಮುದ್ರಣಾಲಯ ತಲುಪಲಾಗದೆ, 1878ರಲ್ಲಿ ಹುಟ್ಟಿದ 'ದಿ ಹಿಂದೂ' ಪತ್ರಿಕೆ ಮರುದಿನ ಚೆನ್ನೈಯಲ್ಲಿ ಅಚ್ಚಾಗಲಿಲ್ಲ. ವಿಮಾನ ನಿಲ್ದಾಣ ದಿನಗಟ್ಟಲೆ ಮುಚ್ಚಿತ್ತು. ನಮ್ಮ ಮನೆಯಲ್ಲಿ ಮಂಚದ ಮಟ್ಟಕ್ಕೆ ನೀರು ಏರುತ್ತಿದ್ದಾಗ, ಬ್ಯಾಟರಿ ಕೊನೆಯ ಗೆರೆಯಲ್ಲಿದ್ದ ಫೋನಿನಲ್ಲಿ ಹೇಳಿದೆ: "ಅಮ್ಮ, ನೀರು ಒಳಗೆ ಬಂದಿದೆ, ಮೇಲಿನ ಮನೆಗೆ ಹೋಗ್ತಿದೀವಿ."

"ನಿಂದು ಯಾವಾಗ್ಲೂ ಇದ್ದಿದ್ದೇ. ಬಾಗಿಲು ಹಾಕ್ಕೊಂಡು ಮಲ್ಕೋ," ಎಂದು ಅಮ್ಮ ನಕ್ಕಳು. ಫೋನು ಸತ್ತಿತು.

ಮುಂದಿನ ಮೂರು ದಿನ ನನ್ನಿಂದ ಸುದ್ದಿಯಿಲ್ಲ. ಊರಲ್ಲಿ ಟಿವಿ ಮಾತ್ರ ಇತ್ತು. ಅದರಲ್ಲಿ ಚೆನ್ನೈ ಅಕ್ಷರಶಃ ದ್ವೀಪ, ಅಕ್ಷರಶಃ ನರಕ. ಅಮ್ಮ ಆಮೇಲೆ ಹೇಳಿದ್ದು ಇಷ್ಟು: "ನೀನು ಸುಮ್ನೆ ಹೇಳಿದ್ಯೋ ನಿಜ ಹೇಳಿದ್ಯೋ ಗೊತ್ತಾಗ್ಲಿಲ್ಲ ಕಣೋ. ಟಿವಿಯವರನ್ನ ಕೇಳೋಣ ಅಂದ್ರೆ ಅವರೂ ನಿನ್ನ ಹಾಗೇ ಮಾತಾಡ್ತಾರೆ."

ಒಂದೇ ಮನೆಯಲ್ಲಿದ್ದರೆ ಇದು ಇಷ್ಟು ದೊಡ್ಡ ವಿಷಯವಲ್ಲ. ಸತ್ತೆ ಅಂದವನ ಮುಖ ನೋಡಿದರೆ ಗೊತ್ತಾಗುತ್ತದೆ, ನೀರು ಬಂತು ಅಂದರೆ ಬಗ್ಗಿ ನೋಡಬಹುದು. ಪರಸ್ಥಳದಲ್ಲಿ ಇರುವವನಿಗೆ ಇರುವುದು ಮಾತು ಮಾತ್ರ. ಅಷ್ಟನ್ನೂ ನಾನು ಕಡಲೆಪುರಿಯಂತೆ ಖರ್ಚು ಮಾಡಿದ್ದೆ. ಮರುವರ್ಷ, 2016ರ ಸೆಪ್ಟೆಂಬರ್ 12ರಂದು, ಕಾವೇರಿ ಗಲಾಟೆಯ ದಿನ, ಪಕ್ಕದ ಮನೆಯ ತಮಿಳು ಆಂಟಿ ನಡುಗುತ್ತಾ ಬಂದು "ಬೆಂಗಳೂರು ಉರೀತಿದೆಯಂತೆ, ನಮ್ಮ ಮಗಳು ಅಲ್ಲಿದ್ದಾಳೆ" ಎಂದಾಗ, ನಾನು ಟಿವಿಯನ್ನು ಬಿಟ್ಟು ಗೆಳೆಯನಿಗೆ ಫೋನ್ ಮಾಡಿ ಯಾವ ಏರಿಯಾ, ಯಾವ ರಸ್ತೆ ಎಂದು ಕೇಳಿದೆ. ಬಸ್ಸುಗಳು ಅಕ್ಷರಶಃ ಉರಿದಿದ್ದವು, ನಾಚಿಕೆಗೇಡು. ಬೆಂಗಳೂರು ಅಕ್ಷರಶಃ ಉರಿದಿರಲಿಲ್ಲ. ಆ ರಾತ್ರಿ ಆಕೆಗೆ ಬೇಕಿದ್ದದ್ದು ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸ.

ಹಾಗಾದರೆ ಎಲ್ಲರೂ ಇದ್ದದ್ದನ್ನು ಇದ್ದಷ್ಟೇ ಹೇಳಿದರೆ, ಕೇಳಿದ್ದನ್ನು ಕೇಳಿದಷ್ಟೇ ನಂಬಿದರೆ ಸರಿಯಾಗುತ್ತದೆಯೇ? ನಾನೂ ಹಾಗೆಂದುಕೊಂಡಿದ್ದೆ. 2019ರಲ್ಲಿ ಒಂದು ಭಾನುವಾರ ಅಪ್ಪ ಫೋನಿನಲ್ಲಿ "ಸ್ವಲ್ಪ ಎದೆ ಹಿಡ್ಕೊಂಡಂಗಿದೆ, ಏನಿಲ್ಲ, ಗ್ಯಾಸು" ಎಂದರು. ನಾನು ಅದನ್ನು ಅಕ್ಷರಶಃ ತೆಗೆದುಕೊಂಡೆ. ಓಮ ಕಾಳು ಅಗಿಯಲು ಹೇಳಿ ಮಲಗಿದೆ. ಬೆಳಗಿನ ಜಾವ ಪಕ್ಕದ ಮನೆಯವರು ಕಾರಿನಲ್ಲಿ ಕರೆದೊಯ್ದು, ಎರಡು ಸ್ಟೆಂಟ್ ಹಾಕಿಸಿಕೊಂಡು ಅಪ್ಪ ಉಳಿದರು. ಮಕ್ಕಳು ಇದ್ದದ್ದಕ್ಕೆ ಹತ್ತರಷ್ಟು ಸೇರಿಸಿ ಹೇಳುತ್ತಾರೆ. ಹೆತ್ತವರು ಹತ್ತರಲ್ಲಿ ಒಂದು ಪಾಲು ಹೇಳುತ್ತಾರೆ. ನಮ್ಮದು ಗಮನ ಸಿಗಲಿ ಎಂಬ ಆಸೆ, ಅವರದು ತೊಂದರೆಯಾಗದಿರಲಿ ಎಂಬ ಸಂಕೋಚ. ಎರಡೂ ಸುಳ್ಳೇ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನಿಂದಾಗದು.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದು ಪಳ್ಳಿಕ್ಕರಣೈ, ಪೆರುಂಬಾಕ್ಕಂ ಕಡೆಯೆಲ್ಲ ಮತ್ತೆ ನೀರಾಯಿತು. ಅಷ್ಟರಲ್ಲಿ ನಾವು ಎರಡನೇ ಮಹಡಿಗೆ ಬಂದಿದ್ದೆವು. ಅಮ್ಮ ಫೋನ್ ಮಾಡಿದಳು. ಹೇಗಿದೀಯ ಎಂದು ಕೇಳಲಿಲ್ಲ.

"ನೀರು ಎಷ್ಟನೇ ಮೆಟ್ಟಿಲಿಗೆ ಬಂದಿದೆ?"

"ಮೂರನೇದು."

"ಕೆಳಗಿಂದ ನಿಮ್ಮನೆಗೆ ಒಟ್ಟು ಎಷ್ಟು?"

"ಮೂವತ್ತಾರು."

"ಹ್ಞೂಂ, ಸರಿ ಹಾಗಾದ್ರೆ."

"ಅಪ್ಪನ ಬಿ.ಪಿ. ಎಷ್ಟಿದೆ?" ಅಂದೆ.

"ಚೆನ್ನಾಗೇ ಇದೆ ಬಿಡೋ, ಏನಿಲ್ಲ."

"ನಂಬರ್ ಹೇಳಮ್ಮ."

ಚೀಟಿ ಎಲ್ಲಿಟ್ಟೆನೋ ಎಂದು ಗೊಣಗುತ್ತಾ ಅಮ್ಮ ಕನ್ನಡಕ ಹುಡುಕಲು ಹೋದಳು. ನಾನು ಫೋನು ಕಿವಿಗಿಟ್ಟುಕೊಂಡೇ ಇದ್ದೆ.