ವಿಧವೆಯ ಎಣ್ಣೆಯೂ ನಮ್ಮ ಸಾಲವೂ

ಓದತಕ್ಕ ಭಾಗ: ಅರಸುಗಳ ಎರಡನೆಯ ಗ್ರಂಥ, 4ನೆಯ ಅಧ್ಯಾಯ, 1ರಿಂದ 7ನೆಯ ವಚನಗಳು.



ಈ ಭಾಗದಲ್ಲಿ ಬರುವ ವಿಧವೆಯು ಅವಿಶ್ವಾಸಿಯಲ್ಲ, ದುಂದುಗಾರಳೆಂದೂ ಎಲ್ಲಿಯೂ ಬರೆದಿಲ್ಲ. ಆಕೆಯ ಗಂಡನು ಪ್ರವಾದಿಗಳ ಮಂಡಲಿಗೆ ಸೇರಿದವನು. ದೇವರಿಗೆ ಭಯಪಟ್ಟು ನಡೆದವನು. ಹಾಗಿದ್ದರೂ ಆತನು ಸಾಲವನ್ನು ಬಿಟ್ಟು ಸತ್ತನು. ಇದನ್ನು ಮೊದಲು ಗಮನಿಸಬೇಕು. ಯಾಕಂದರೆ ಸಾಲದಲ್ಲಿ ಬಿದ್ದವರನ್ನು ಕಂಡೊಡನೆ ಅವರಲ್ಲಿ ಗುಪ್ತಪಾಪವೇನೋ ಇದ್ದೀತೆಂದು ಪಿಸುಗುಟ್ಟುವವರು ನಮ್ಮ ಸಭೆಗಳಲ್ಲಿಯೂ ಉಂಟು.

ಸಾಲಕೊಟ್ಟವನು ಆಕೆಯ ಇಬ್ಬರು ಮಕ್ಕಳನ್ನು ದಾಸರನ್ನಾಗಿ ಒಯ್ಯುವದಕ್ಕೆ ಬಂದಿದ್ದನು. ನಮ್ಮ ಹಿರಿಯರಿಗೆ ಇದು ದೂರದೇಶದ ಕಥೆಯಾಗಿರಲಿಲ್ಲ. ತಂದೆಯ ಸಾಲಕ್ಕೆ ಮಗನು ಜೀತಕ್ಕೆ ನಿಲ್ಲುವದನ್ನು ಅವರು ಕಂಡಿದ್ದರು. 1976ರ ಕಾನೂನು ಜೀತಪದ್ಧತಿಯನ್ನು ನಿಷೇಧಿಸಿ, ಜೀತದ ಸಾಲವನ್ನು ರದ್ದುಮಾಡಿತು. ಆದರೆ ಸಾಲವು ಮನುಷ್ಯನನ್ನು ಹಿಡಿದುಕೊಳ್ಳುವ ರೀತಿಯು ಬದಲಾಯಿತೇ ಹೊರತು ಹಿಡಿತವು ಸಡಿಲವಾಗಲಿಲ್ಲ.

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಮಳೆ ಕಡಿಮೆಯಾದ ಸೀಮೆ. ಶೇಂಗಾ ಬಿತ್ತಿದವನಿಗೆ ವರುಷಕ್ಕೊಮ್ಮೆ ಹಣ ಕಾಣುವದು, ಅದೂ ಮಳೆ ಬಂದರೆ. ಸಂಘದ ಸಾಲಕ್ಕಾದರೋ ಅನೇಕವೇಳೆ ಮುಂದಿನ ವಾರದಿಂದಲೇ ಕಂತು ಪ್ರಾರಂಭವಾಗುವದು. ಬೀಜವು ಮೊಳೆಯುವದಕ್ಕೆ ಮುಂಚೆಯೇ ಹಣ ಕೇಳಿದರೆ ಹೊಲವು ಎಲ್ಲಿಂದ ಕೊಟ್ಟೀತು? ಆದಕಾರಣ ಮನೆಯ ತಾಯಿಯು ಕೂಲಿಯಿಂದ ಕಟ್ಟುವಳು. ಕೂಲಿ ಸಿಗದ ವಾರ ಎರಡನೆಯ ಸಂಘದಲ್ಲಿ ಸಾಲಮಾಡಿ ಮೊದಲನೆಯದಕ್ಕೆ ಕಟ್ಟುವಳು. ಅದೂ ಸಾಲದಿದ್ದರೆ ಕೈಸಾಲ. ನೂರಕ್ಕೆ ತಿಂಗಳಿಗೆ ಐದು ರೂಪಾಯಿಯ ಬಡ್ಡಿಯೆಂದರೆ ಸಣ್ಣದಾಗಿ ಕೇಳುವದು. ಹತ್ತು ಸಾವಿರಕ್ಕೆ ತಿಂಗಳಿಗೆ ಐನೂರು. ಇಪ್ಪತ್ತು ತಿಂಗಳಲ್ಲಿ ಬಡ್ಡಿಯೇ ಹತ್ತು ಸಾವಿರವಾಗಿ, ಅಸಲು ಇದ್ದ ಹಾಗೆಯೇ ಇರುವದು. ಮೊಳಕಾಲ್ಮುರಿನ ರೇಷ್ಮೆಸೀರೆಯ ಹೆಸರು ದೂರದವರೆಗೂ ಹೋಗಿದೆ. ಅದನ್ನು ನೇಯುವವನು ಸಾಹುಕಾರನ ಮುಂಗಡಕ್ಕೆ ಕಟ್ಟುಬಿದ್ದಿದ್ದರೆ ಆ ಹೆಸರಿನಿಂದ ಅವನ ಒಲೆ ಉರಿಯುವದೇ? ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಯುವಕರಿಗೂ ಇದೇ ಉರುಲು ಕ್ರೆಡಿಟ್ ಕಾರ್ಡಿನ ರೂಪದಲ್ಲಿ ಬಂದಿದೆ. ಪ್ರತಿ ತಿಂಗಳು ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟುತ್ತಾ ಸಾಲ ತೀರುತ್ತಿದೆಯೆಂದು ನಂಬಿರುತ್ತಾರೆ. ಅವರು ಕಟ್ಟಿದ್ದರಲ್ಲಿ ಹೆಚ್ಚಿನದು ಬಡ್ಡಿಗೇ ಹೋಗಿರುವದು.

ಆ ವಿಧವೆಯು ಏನು ಮಾಡಿದಳು? ಕೂಗಿಕೊಂಡಳು. ಎಲೀಷನ ಬಳಿಗೆ ಹೋಗಿ ಸಂಗತಿಯನ್ನೆಲ್ಲಾ ಬಾಯಿಬಿಟ್ಟು ಹೇಳಿದಳು. ನಮ್ಮಲ್ಲಿ ಹಲವರು ಇಲ್ಲಿಯೇ ತಪ್ಪುತ್ತಾರೆ. ಗಂಡನು ಹೆಂಡತಿಗೆ ಹೇಳನು, ಹೆಂಡತಿ ಗಂಡನಿಗೆ ಹೇಳಳು, ಇಬ್ಬರೂ ಸಭಾಪಾಲಕರಿಗೆ ಹೇಳರು. ಕಂತಿನ ದಿನ ಬಂದರೆ ಮನೆಗೆ ಬೀಗಹಾಕಿ ಹೊಲಕ್ಕೆ ಹೋಗಿ ಕೂಡುವರು. 2025ರ ಆರಂಭದಲ್ಲಿ ಚಾಮರಾಜನಗರ ಜಿಲ್ಲೆಯ ಕೆಲವು ಗ್ರಾಮಗಳಿಂದ ಕುಟುಂಬಗಳು ಊರನ್ನೇ ಬಿಟ್ಟು ಹೋದವು. ಹಾವೇರಿ ಜಿಲ್ಲೆಯ ಸ್ತ್ರೀಯರು ತಮ್ಮ ಮಾಂಗಲ್ಯಗಳನ್ನು ಮುಖ್ಯಮಂತ್ರಿಗಳಿಗೆ ಕಳುಹಿಸಿ ಮೊರೆಯಿಟ್ಟರು. ಕೆಲವರು ಪ್ರಾಣವನ್ನೇ ತೆಗೆದುಕೊಂಡರು. ಪ್ರಿಯರೇ, ಅಂಥ ಯೋಚನೆಯು ನಿಮ್ಮಲ್ಲಿ ಯಾರಿಗಾದರೂ ಬಂದಿದ್ದರೆ ಈ ಹೊತ್ತೇ ಎದ್ದು ಒಬ್ಬರಿಗೆ ಹೇಳಿರಿ, ರಾತ್ರಿ ಕಳೆಯಲೆಂದು ಕಾಯಬೇಡಿರಿ. ಸಾಲವು ಹಣದ ಲೆಕ್ಕ. ಕ್ರಿಸ್ತನ ರಕ್ತದಿಂದ ಕೊಳ್ಳಲ್ಪಟ್ಟ ಪ್ರಾಣವನ್ನು ಯಾವ ಕಂಪನಿಯ ಪತ್ರದಲ್ಲಿಯೂ ಅಡವಿಟ್ಟಿಲ್ಲ.

ಎಲೀಷನು ಆಕೆಗೆ ಹಣ ಕೊಡಲಿಲ್ಲ. ಸಾಲಕೊಟ್ಟವನನ್ನು ಶಪಿಸಲೂ ಇಲ್ಲ. ಮನೆಯಲ್ಲಿ ಏನಿದೆಯೆಂದು ಕೇಳಿದನು. ಒಂದು ಮೊಗೆ ಎಣ್ಣೆಯ ಹೊರತು ಏನೂ ಇರಲಿಲ್ಲ. ಎಣ್ಣೆಯ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯವರಿಗೆ ಎಣ್ಣೆಯ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ. ಅನಂತರ ಆತನು ಆಕೆಗೆ ಹೇಳಿದ್ದು ವಿಚಿತ್ರವಾದದ್ದು: ನೆರೆಯವರಿಂದ ಎರವಲು ತರಬೇಕು, ಆದರೆ ಹಣವನ್ನಲ್ಲ, ಬರಿದಾದ ಪಾತ್ರೆಗಳನ್ನು, ಅವೂ ಸ್ವಲ್ಪವಾಗಿರಬಾರದು. ಸಾಲದಿಂದ ನೊಂದವಳನ್ನು ಮತ್ತೊಂದು ಸಾಲಕ್ಕೆ ಕಳುಹಿಸದೆ, ಬಡ್ಡಿಯಿಲ್ಲದ ಪಾತ್ರೆಗಳಿಗಾಗಿ ನೆರೆಯವರ ಬಾಗಿಲಿಗೆ ಕಳುಹಿಸಿದನು. ಅದ್ಭುತವು ದೇವರಿಂದ ಬಂತು. ಪಾತ್ರೆಗಳು ಬೀದಿಯ ಜನರಿಂದ ಬಂದವು.

ನಮ್ಮ ಸಭೆಗಳಲ್ಲಿ ಆ ಪಾತ್ರೆಗಳು ಯಾವುವು? ಓದುಬರಹ ಬಲ್ಲ ಯುವಕನು ಓದುಬಾರದವಳ ಪುಸ್ತಕಗಳನ್ನೆಲ್ಲಾ ಮುಂದಿಟ್ಟುಕೊಂಡು ಯಾರಿಗೆ ಎಷ್ಟು ಬಾಕಿ, ಬಡ್ಡಿ ಎಷ್ಟೆಂದು ಒಂದೇ ಹಾಳೆಯಲ್ಲಿ ಬರೆದುಕೊಟ್ಟರೆ ಅದೊಂದು ಪಾತ್ರೆ. ವಸೂಲಿಗೆ ಬರುವ ಹೊತ್ತಿನಲ್ಲಿ ಸಭೆಯ ಹಿರಿಯರಿಬ್ಬರು ಆ ಮನೆಯ ಜಗಲಿಯಲ್ಲಿ ಸುಮ್ಮನೆ ಕೂತಿದ್ದರೆ ಅದೊಂದು ಪಾತ್ರೆ. ಸುಗ್ಗಿಯ ಕಾಣಿಕೆಯಿಂದ ಎರಡು ಸೇರು ರಾಗಿ ಕೊಡುವದೂ ಅದೇ. ಮತ್ತು ಆ ಸ್ತ್ರೀಯು ಬಾಗಿಲು ಮುಚ್ಚಿಕೊಂಡು ಎಣ್ಣೆ ಹೊಯ್ದಳೆಂಬದನ್ನು ಮರೆಯಬೇಡಿರಿ. ಸಹಾಯ ಪಡೆದವರ ಕಷ್ಟವನ್ನು ನೀರು ಸೇದುವ ಕಡೆ ಹರಡಿದರೆ ಪಾತ್ರೆ ಕೊಟ್ಟೂ ಒಡೆದ ಹಾಗಾಯಿತು.

ಬಾಗಿಲಿನ ವಿಷಯವಾಗಿ ಇನ್ನೂ ಒಂದು ಮಾತುಂಟು. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ, ಸಾಲಕೊಟ್ಟವನು ಅಡವಿಗಾಗಿ ಸಾಲಪಡೆದವನ ಮನೆಯೊಳಗೆ ನುಗ್ಗದೆ ಹೊರಗೆ ನಿಲ್ಲಬೇಕೆಂದು ಮೋಶೆಯು ಆಜ್ಞಾಪಿಸಿದ್ದಾನೆ. ಬೀಸುವ ಕಲ್ಲನ್ನೂ ಅಡವು ಹಿಡಿಯಕೂಡದು. ಅದು ಮನೆಯವರ ಜೀವನವಾಗಿದೆ. ನಮ್ಮ ದೇಶದ ಕಾನೂನಿನಲ್ಲಿಯೂ ಇದರ ನೆರಳು ಕಾಣುವದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ ಕಸಬುದಾರನ ಉಪಕರಣಗಳು, ರೈತನ ಬೇಸಾಯಕ್ಕೆ ಬೇಕಾದ ಸಾಮಾನು, ದನ ಮತ್ತು ಬಿತ್ತನೆಯ ಕಾಳು, ಅಡಿಗೆಯ ಪಾತ್ರೆಗಳು ಇವನ್ನು ಸಾಲದ ಡಿಕ್ರಿಗಾಗಿ ಜಪ್ತಿಮಾಡಕೂಡದು. ನೇಕಾರನ ಮಗ್ಗವೇ ಅವನ ಬೀಸುವ ಕಲ್ಲು. 2022ರಲ್ಲಿ ರಿಸರ್ವ್ ಬ್ಯಾಂಕು ಕಿರುಸಾಲ ಕೊಡುವವರಿಗೆ ವಿಧಿಸಿದ ನಿಯಮಗಳಲ್ಲಿ ಬೆಳಿಗ್ಗೆ 9 ಗಂಟೆಗೆ ಮುಂಚೆಯೂ ಸಂಜೆ 6 ಗಂಟೆಯ ಮೇಲೆಯೂ ಸಾಲಪಡೆದವರನ್ನು ಫೋನಿನಲ್ಲಿ ಕರೆಯಕೂಡದು, ಬೈಯಕೂಡದು, ಬೆದರಿಸಕೂಡದು ಎಂದಿದೆ. ಮನೆಯವರ ಎಲ್ಲಾ ಸಾಲಗಳ ಕಂತು ಕೂಡಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದೂ ಇದೆ. 2025ನೆಯ ಫೆಬ್ರವರಿ 12ರಂದು ಕರ್ನಾಟಕ ಸರಕಾರವು ಹೊರಡಿಸಿದ ಸುಗ್ರೀವಾಜ್ಞೆಯು ಬಲಾತ್ಕಾರದ ವಸೂಲಿಗೆ ಹತ್ತು ವರುಷದವರೆಗೆ ಸೆರೆವಾಸವನ್ನೂ ಐದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ಗೊತ್ತುಮಾಡಿತು. ಅನಂತರ ಶಾಸನಸಭೆಯೂ ಅದನ್ನು ಅಂಗೀಕರಿಸಿತು. ಸಾಲ ತೀರಿಸಲಾರದ ಬಡತನವು ಅಪರಾಧವಲ್ಲ. ಅದಕ್ಕಾಗಿ ಪೊಲೀಸರು ಹಿಡಿದೊಯ್ಯುವರೆಂಬ ಬೆದರಿಕೆಗೆ ನಡುಗಬೇಡಿರಿ. ಬರಿದಾದ ಚೆಕ್ಕಿಗೆ ಸಹಿಮಾಡಿ ಕೊಡುವದು ಮಾತ್ರ ಬೇಡ; ಚೆಕ್ಕು ತಿರುಗಿ ಬಂದರೆ ಅದು ಬೇರೆ ಮೊಕದ್ದಮೆಯಾಗುವದು. ಸ್ತ್ರೀಯರಿಗೆ ಆದಾಯವನ್ನು ನೋಡದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ಸಹಾಯವು ಉಚಿತವಾಗಿ ದೊರೆಯುವದು.

ಆದರೆ ಈ ಕಾನೂನಿನಿಂದ ಸಾಲವೆಲ್ಲಾ ಮನ್ನಾ ಆಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಯ ಸಾಲವು ಇದ್ದೇ ಇದೆ. ವಿಧವೆಯು ಎಣ್ಣೆ ತುಂಬಿದ ಮೇಲೆ ಸಾಲಕೊಟ್ಟವನಿಂದ ಅಡಗಿಕೊಳ್ಳಲಿಲ್ಲ. ಮಾರಿ ತೀರಿಸಬೇಕೆಂಬದೇ ಆಕೆಗೆ ದೊರೆತ ಅಪ್ಪಣೆ. ಆದಕಾರಣ ಕಂಪನಿಯವರ ಬಳಿಗೆ ನೀವೇ ಹೋಗಿರಿ, ಕಂತನ್ನು ಕಡಿಮೆಮಾಡಿ ಅವಧಿಯನ್ನು ಹೆಚ್ಚಿಸಿಕೊಡಬೇಕೆಂದು ಬರಹದಲ್ಲಿ ಕೇಳಿರಿ, ಕಟ್ಟಿದ ಪ್ರತಿ ಕಾಸಿಗೂ ರಸೀದಿ ಪಡೆಯಿರಿ. ಕೈಗೆ ಹೆಚ್ಚು ಹಣ ಬಂದಾಗ ಹೆಚ್ಚಿನ ಬಡ್ಡಿಯ ಸಾಲವನ್ನು ಮೊದಲು ತೀರಿಸಿರಿ. ಮದುವೆಯ ಶಾಮಿಯಾನಕ್ಕೂ ಊಟಕ್ಕೂ ಸಾಲಮಾಡುವ ನಮ್ಮವರಿಗೆ ಹೇಳಬೇಕಾದದ್ದು ಬಹಳವಿದೆ. ಅದನ್ನು ಮದುವೆಯ ತಿಂಗಳಲ್ಲಿ ಹೇಳೋಣ.

ಜಾಮೀನಿನ ವಿಷಯವು ಇದಕ್ಕಿಂತಲೂ ನೋವಿನದು. ಹತ್ತು ಮಂದಿ ಸ್ತ್ರೀಯರು ಒಬ್ಬರಿಗೊಬ್ಬರು ಹೊಣೆಯಾಗಿ ಸಾಲಮಾಡಿರುವರು. ಒಬ್ಬಳು ಕಟ್ಟದಿದ್ದರೆ ಉಳಿದವರನ್ನು ಅಲ್ಲಿಯೇ ಕೂಡಿಸುವರು. ಆಗ ಬೈಯುವವನು ಕಂಪನಿಯವನಲ್ಲ, ಪಕ್ಕದ ಮನೆಯ ಅಕ್ಕನೇ. ಭಾನುವಾರ ಒಂದೇ ಪಾತ್ರೆಯಿಂದ ಕರ್ತನ ಭೋಜನದಲ್ಲಿ ಪಾಲುಗೊಂಡವರು ಮಂಗಳವಾರ ಒಬ್ಬರ ಜುಟ್ಟನ್ನೊಬ್ಬರು ಹಿಡಿಯುವರು. ಹೊಣೆಯ ಬಲೆಯಲ್ಲಿ ಸಿಕ್ಕಿದವನು ನಿದ್ರೆಮಾಡದೆ ಹೋಗಿ ನೆರೆಯವನನ್ನು ಬೇಡಿಕೊಳ್ಳಬೇಕೆಂದು ಜ್ಞಾನೋಕ್ತಿಗಳ 6ನೆಯ ಅಧ್ಯಾಯವು ಕಲಿಸುತ್ತದೆ. ಕಟ್ಟಲಾರದವಳು ಕಂತಿನ ಬೆಳಿಗ್ಗೆ ತಲೆಮರೆಸಿಕೊಳ್ಳುವ ಬದಲು ಹಿಂದಿನ ಸಂಜೆಯೇ ಒಂಬತ್ತು ಮನೆಗಳಿಗೆ ಹೋಗಿ ಹೇಳಲಿ; ಆ ಒಂಬತ್ತು ಮಂದಿ ಆಕೆಯನ್ನು ಒಳಗೆ ಕರೆದು ಕೂಡಿಸಿ ಕೇಳಲಿ.

ಕೊನೆಗೆ ಎಲೀಷನು ಸಾಲ ತೀರಿಸಿದ ಮೇಲೆ ಉಳಿದದ್ದರಿಂದ ತಾಯಿಯೂ ಮಕ್ಕಳೂ ಜೀವಿಸಬೇಕೆಂದನು. ಸಾಲದ ಲೆಕ್ಕವನ್ನು ಬರೆಯುವಾಗ ಮನೆಯ ಹಿಟ್ಟು, ಮಕ್ಕಳ ಶಾಲೆ, ಮುಂದಿನ ಬಿತ್ತನೆಯ ಕಾಳು ಇವಕ್ಕೂ ಅದೇ ಹಾಳೆಯಲ್ಲಿ ಸ್ಥಳವಿರಲಿ; ಅವನ್ನು ಬರೆದಾದ ಮೇಲೆ ಕಂತು ಎಷ್ಟೆಂದು ಕಂಪನಿಯವರ ಸಂಗಡ ಮಾತಾಡಿರಿ. ಈ ಭಾನುವಾರ ಆರಾಧನೆಯ ತರುವಾಯ ಸಭೆಯ ಹಿರಿಯರು ಒಂದು ಗಳಿಗೆ ಹೆಚ್ಚಾಗಿ ಕೂತಿರಲಿ. ತಮ್ಮ ಪುಸ್ತಕಗಳನ್ನು ತರುವವರು ತರಲಿ.